36 ಲಕ್ಷದ ಸ್ವಂತ ಮನೆಯೋ, 10 ಸಾವಿರದ ಬಾಡಿಗೆಯೋ: ಕೊಪ್ಪಳದ ಒಂದು ಪ್ರಕರಣ

"ಅಕ್ಕಾರ, ಮಗನ ಮದಿವಿ ಗೊತ್ತಾಗೇತಿ. ದಸರಾದೊಳಗ ಮನಿ ಬಿಟ್ಟು ಕೊಡ್ರಿ."

ಬಾಡಿಗೆ ಮನೆಯಲ್ಲಿ ಸ್ವಂತ ಮನೆಯ ಮಾತು ಏಳುವುದು ಬಹಳ ಸಲ ಮಾಲೀಕರ ಇಂಥ ಒಂದು ಮಾತಿನಿಂದ. ಮರುವಾರವೇ ದಲ್ಲಾಳಿ ಬರುತ್ತಾನೆ, ಬ್ಯಾಂಕಿನವರು ಫೋನ್ ಮಾಡುತ್ತಾರೆ, ಬೀಗರು "ಎಷ್ಟು ದಿನಾಂತ ಬಾಡಿಗಿ ಕಟ್ತೀರಿ, ಹೊಳ್ಯಾಗ ಹುಣಸಿಹಣ್ಣು ತೊಳದಂಗ" ಅನ್ನುತ್ತಾರೆ. ಆ ಅವಸರದಲ್ಲಿ ಲೆಕ್ಕ ಹಾಕಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಕೊಪ್ಪಳದಲ್ಲಿ ಸಾಮಾನ್ಯವಾಗಿ ಎದುರಾಗುವ ಸ್ಥಿತಿಯನ್ನೇ ಒಂದು ಕುಟುಂಬದ ಮೇಲೆ ಇಟ್ಟು, ಕೊನೆಯ ರೂಪಾಯಿವರೆಗೆ ಲೆಕ್ಕ ಮಾಡಿ ಇಲ್ಲಿ ಕೊಟ್ಟಿದೆ. ನಿಮ್ಮ ಅಂಕಿಗಳು ಬೇರೆ ಇರಬಹುದು, ಲೆಕ್ಕದ ದಾರಿ ಇದೇ.

ಕುಟುಂಬದ ಸ್ಥಿತಿ

ಹೆಂಡತಿ ಸರ್ಕಾರಿ ಶಾಲೆಯ ಶಿಕ್ಷಕಿ. ಮೂಲ ವೇತನ 45,000, ಎಲ್ಲ ಕಡಿತ ಮುಗಿದು ಕೈಗೆ ಬರುವುದು 46,000. ಗಂಡ ಗಿಣಿಗೇರಾ ಕಡೆಯ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕ, ಕೈಗೆ 27,000. ಮಗಳು ಐದನೇ ತರಗತಿ. ಕುಕನೂರು ಕಡೆಯ ಹಳ್ಳಿಯಲ್ಲಿರುವ ಅತ್ತೆಗೆ ಮೊಣಕಾಲು ನೋವು; ಅವರನ್ನು ಕರೆತಂದು ಇಟ್ಟುಕೊಳ್ಳಬೇಕು, ಹಾಗಾಗಿ ಮೆಟ್ಟಿಲು ಹತ್ತುವ ಮನೆ ಬೇಡ. ಬ್ಯಾಂಕಿನಲ್ಲಿ ಠೇವಣಿ 13 ಲಕ್ಷ. ಹಳೆಯ ಮನೆ ಬಿಟ್ಟರೆ ಅಡ್ವಾನ್ಸ್ 50,000 ವಾಪಸು ಬರುತ್ತದೆ. ಸಾಲ ಇಲ್ಲ. ಬಂಗಾರ ಇದೆ, ಅದನ್ನು ಮುಟ್ಟಬಾರದು ಎಂದು ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ.

ನೋಡಿದ ಮನೆ ರೈಲು ಹಳಿಯ ಆಚೆ, ಭಾಗ್ಯನಗರದಲ್ಲಿ. 30×40 ಪ್ಲಾಟು, ನೆಲಮಹಡಿಯಲ್ಲಿ ಎರಡು ಬೆಡ್‌ರೂಮು, ಕಟ್ಟಿ 12 ವರ್ಷ. ಕೇಳಿದ ಬೆಲೆ 36 ಲಕ್ಷ. ಅದೇ ಓಣಿಯಲ್ಲಿ ಅಂಥದೇ ಮನೆ ತಿಂಗಳಿಗೆ 10,000 ಬಾಡಿಗೆಗೆ ಸಿಗುತ್ತದೆ. ಅಂದರೆ ವರ್ಷದ ಬಾಡಿಗೆ 1,20,000, ಮನೆಯ ಬೆಲೆಯ 3.3%. ಗೃಹಸಾಲದ ಬಡ್ಡಿಯನ್ನು 8.5% ಹಿಡಿದಿದ್ದೇವೆ. ಈ ಪ್ರಕರಣದ ಬಹುಪಾಲು ವಿಷಯ ಈ ಎರಡು ಅಂಕಿಗಳ ನಡುವಿನ ಅಂತರದಲ್ಲೇ ಇದೆ.

ಕೈಯಿಂದ ಎಷ್ಟು ಹೋಗುತ್ತದೆ

ಬ್ಯಾಂಕಿನ ಮೌಲ್ಯಮಾಪಕರು ಮನೆಗೆ ಕಟ್ಟಿದ ಬೆಲೆ 32 ಲಕ್ಷ. ಮಾರುವವರು ಕೇಳುವ ಬೆಲೆಯ ಮೇಲೆ ಬ್ಯಾಂಕು ಸಾಲ ಕೊಡುವುದಿಲ್ಲ. ಕರಾರಿನ ಬೆಲೆ ಮತ್ತು ತನ್ನ ಮೌಲ್ಯಮಾಪನ, ಎರಡರಲ್ಲಿ ಕಡಿಮೆ ಯಾವುದೋ ಅದರ ಮೇಲೆ ಕೊಡುತ್ತದೆ. 30 ಲಕ್ಷದವರೆಗಿನ ಸಾಲಕ್ಕೆ ರಿಸರ್ವ್ ಬ್ಯಾಂಕಿನ ಮಿತಿ 90% ಇದ್ದರೂ, ಹಳೆಯ ಮನೆ ಎಂದು ಈ ಬ್ಯಾಂಕು 75% ಒಪ್ಪಿತು: 24 ಲಕ್ಷ. ಉಳಿದ 12 ಲಕ್ಷ ಸ್ವಂತದ್ದು.

"13 ಲಕ್ಷ ಐತಲ್ಲ, ಆತು" ಎಂದು ಬಹಳ ಜನ ನಿಲ್ಲುವುದು ಇಲ್ಲೇ. ನೋಂದಣಿ ಖರ್ಚಿಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಕರ್ನಾಟಕದಲ್ಲಿ ಮನೆಗೆ ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್ ಮತ್ತು ನಗರ ಪ್ರದೇಶದ ಸರ್ಚಾರ್ಜ್ ಸೇರಿ 5.6%. ನೋಂದಣಿ ಶುಲ್ಕ 1% ಇದ್ದದ್ದು 2025ರ ಆಗಸ್ಟ್ 31ರಿಂದ 2% ಆಗಿದೆ. ಒಟ್ಟು 7.6%. 36 ಲಕ್ಷಕ್ಕೆ 2,73,600. ಕಡಿಮೆ ಬೆಲೆಯ ಆಸ್ತಿಗೆ 2%, 3% ಎಂಬ ರಿಯಾಯಿತಿ ಇದೆಯಲ್ಲ ಎಂದು ಕೇಳುವವರಿದ್ದಾರೆ. ಅದು ಹೊಸ ಫ್ಲ್ಯಾಟಿನ ಮೊದಲ ನೋಂದಣಿಗೆ ಮಾತ್ರ, ಹಳೆಯ ಸ್ವತಂತ್ರ ಮನೆಗೆ ಅಲ್ಲ.

ಬ್ಯಾಂಕಿನ ಪ್ರೊಸೆಸಿಂಗ್, ವಕೀಲರ ವರದಿ, ಮೌಲ್ಯಮಾಪನ, ಅಡಮಾನದ ಸ್ಟಾಂಪು ಎಲ್ಲ ಸೇರಿ 35,000. ಬಣ್ಣ, ಬೋರಿನ ಮೋಟರು, ಸೋರುವ ಬಚ್ಚಲು, ಕಿಟಕಿಗೆ ಸೊಳ್ಳೆ ಜಾಳಿಗೆ ಇತ್ಯಾದಿ ರಿಪೇರಿಗೆ 1,40,000. ಎಲ್ಲ ಕೂಡಿದರೆ ಕೈಯಿಂದ ಹಾಕಬೇಕಾದ್ದು 16,48,600. ಇರುವುದು 13.5 ಲಕ್ಷ. ಕೊರತೆ ಮೂರು ಲಕ್ಷದ ಹತ್ತಿರ.

"ಬಂಗಾರ ಅಡಾ ಇಡೂಣು, ವರ್ಷದಾಗ ಬಿಡಿಸಿಕೊಂಡರಾತು" ಅಂದರು ಗಂಡ. ಮೂರು ಲಕ್ಷವನ್ನು 12 ತಿಂಗಳಲ್ಲಿ ತೀರಿಸಲು ಬಡ್ಡಿ ಬಿಟ್ಟು ತಿಂಗಳಿಗೆ 25,000. ಮನೆಸಾಲದ ಕಂತು 20 ವರ್ಷಕ್ಕೆ 20,828. ಎರಡೂ ಸೇರಿ 45,828. ಶಿಕ್ಷಕಿಯ ಕೈಗೆ ಬರುವ ಸಂಬಳ 46,000! ಮೊದಲ ವರ್ಷ ಪೂರ್ತಿ ಒಬ್ಬರ ಸಂಬಳ ಸಾಲಕ್ಕೆ, ಇನ್ನೊಬ್ಬರ 27,000ದಲ್ಲಿ ಶಾಲೆ ಫೀ, ಅತ್ತೆಯ ಔಷಧ, ಸಂತೆ ಎಲ್ಲ. ಆ 27,000 ಖಾಸಗಿ ಕೆಲಸದ ಸಂಬಳ ಎಂಬುದನ್ನೂ ನೆನಪಿಡಬೇಕು. ಕಂತು ಒಟ್ಟು ಆದಾಯದ 28.5%, ಹಾಗಾಗಿ ಬ್ಯಾಂಕಿನ ಲೆಕ್ಕದಲ್ಲಿ ಇವರು ಒಳ್ಳೆಯ ಗಿರಾಕಿ. ಗಂಡನ ಕೆಲಸ ನಾಲ್ಕು ತಿಂಗಳು ನಿಂತರೆ ಅದೇ ಕಂತು ಆದಾಯದ 45% ಆಗುತ್ತದೆ. ಬ್ಯಾಂಕು ಕೊಡಲು ಒಪ್ಪುವ ಸಾಲಕ್ಕೂ ಮನೆ ತಡೆದುಕೊಳ್ಳುವ ಸಾಲಕ್ಕೂ ವ್ಯತ್ಯಾಸ ಇರುವುದು ಇಲ್ಲಿ.

"ಟ್ಯಾಕ್ಸ್ ಉಳಿತೈತಿ", "ಸಬ್ಸಿಡಿ ಬರ್ತೈತಿ"

ಎರಡೂ ಮಾತು ಈ ಕುಟುಂಬಕ್ಕೆ ಅನ್ವಯಿಸಲಿಲ್ಲ. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಬರುವುದಿಲ್ಲ. ಗಂಡ ಹೆಂಡತಿ ಬೇರೆ ಬೇರೆಯಾಗಿ ಇಬ್ಬರೂ ಅದಕ್ಕಿಂತ ಬಹಳ ಕೆಳಗಿದ್ದಾರೆ. ಇಲ್ಲದ ತೆರಿಗೆಯನ್ನು ಗೃಹಸಾಲ ಉಳಿಸಲಾರದು. ತಾವೇ ವಾಸಿಸುವ ಮನೆಯ ಸಾಲದ ಬಡ್ಡಿಗೆ 2 ಲಕ್ಷದ ವಿನಾಯಿತಿ ಇರುವುದು ಹಳೆಯ ಪದ್ಧತಿಯಲ್ಲಿ ಮಾತ್ರ. ಸರ್ಕಾರಿ ನೌಕರರ ಮನೆ ಬಾಡಿಗೆ ಭತ್ಯೆಯೂ ಕೊಪ್ಪಳದಂಥ ಊರಿಗೆ ಮೂಲ ವೇತನದ 7.5%, ಇವರಿಗೆ 3,375. ತೀರ್ಮಾನವನ್ನು ತಿರುಗಿಸುವ ಮೊತ್ತ ಅಲ್ಲ.

ಪ್ರಧಾನಮಂತ್ರಿ ಆವಾಸ್ ನಗರ 2.0ರ ಬಡ್ಡಿ ಸಬ್ಸಿಡಿಗೆ ಕುಟುಂಬದ ವಾರ್ಷಿಕ ಆದಾಯ 9 ಲಕ್ಷದೊಳಗೆ, ಮನೆಯ ಬೆಲೆ 35 ಲಕ್ಷದೊಳಗೆ, ಸಾಲ 25 ಲಕ್ಷದೊಳಗೆ ಇರಬೇಕು. ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು. ಸಿಗುವುದು ಗರಿಷ್ಠ 1.80 ಲಕ್ಷ, ಅದೂ ಐದು ವಾರ್ಷಿಕ ಕಂತಿನಲ್ಲಿ. ಇವರ ಒಟ್ಟು ಆದಾಯ ಕಡಿತಕ್ಕೆ ಮೊದಲು 10 ಲಕ್ಷ ದಾಟುತ್ತದೆ, ಮನೆಯ ಬೆಲೆಯೂ ಒಂದು ಲಕ್ಷ ಹೆಚ್ಚು.

ಏಳು ವರ್ಷದ ಲೆಕ್ಕ

ಏಳು ವರ್ಷ ಏಕೆ? ಮಗಳ ಪಿಯುಸಿ ಮುಗಿಯುವುದು ಆಗ. ಆಮೇಲೆ ವರ್ಗಾವಣೆಯೋ, ಮಗಳ ಓದಿಗೆ ಧಾರವಾಡವೋ, ತೋರಣಗಲ್ಲಿನ ಕಡೆ ಗಂಡನ ಕೆಲಸವೋ, ಯಾವುದೂ ಗಟ್ಟಿಯಿಲ್ಲ.

ಕಂತಿನಲ್ಲಿ ಎಷ್ಟು ನಮ್ಮದಾಗುತ್ತದೆ ಎಂಬುದನ್ನು ಮೊದಲು ನೋಡಬೇಕು. ಮೊದಲ ತಿಂಗಳು ಕಟ್ಟುವ 20,828ರಲ್ಲಿ ಬಡ್ಡಿ 17,000, ಅಸಲು 3,828. ಬಾಡಿಗೆ 10,000 ಹೋದರೆ ಹೊಟ್ಟೆ ಉರಿಯುವವರಿಗೆ ಈ 17,000 ಕಾಣುವುದಿಲ್ಲ, ಏಕೆಂದರೆ ಅದು "ನಮ್ಮ ಮನಿ ಕಂತು" ಎಂಬ ಹೆಸರಿನಲ್ಲಿ ಹೋಗುತ್ತದೆ. ಏಳು ವರ್ಷದಲ್ಲಿ ಕಟ್ಟಿದ್ದು 17.5 ಲಕ್ಷ, ಅದರಲ್ಲಿ ಬಡ್ಡಿ 13.12 ಲಕ್ಷ, ಅಸಲು ತೀರಿದ್ದು 4.37 ಲಕ್ಷ. ಇನ್ನೂ 19.63 ಲಕ್ಷ ಬಾಕಿ.

ಈಗ ಕೊಳ್ಳುವ ಕಡೆಯ ಖರ್ಚು ಕೂಡಿಸೋಣ. ಅಸಲು ನಮ್ಮದೇ ಆಗುವುದರಿಂದ ಅದನ್ನು ಖರ್ಚು ಅನ್ನಬಾರದು. ನೋಂದಣಿ, ಬ್ಯಾಂಕು, ರಿಪೇರಿ 4.49 ಲಕ್ಷ. ಬಡ್ಡಿ 13.12 ಲಕ್ಷ. ಕೈಯಿಂದ ಹಾಕಿದ 16.5 ಲಕ್ಷ ಠೇವಣಿಯಲ್ಲಿದ್ದರೆ 6.5%ರಂತೆ ಬರುತ್ತಿದ್ದ ಬಡ್ಡಿ, ಚಕ್ರಬಡ್ಡಿ ಬಿಟ್ಟು, 7.5 ಲಕ್ಷ. ಆಸ್ತಿ ತೆರಿಗೆ, ಸುಣ್ಣಬಣ್ಣ, ಸಣ್ಣಪುಟ್ಟ ದುರಸ್ತಿ ವರ್ಷಕ್ಕೆ 20,000ದಂತೆ 1.4 ಲಕ್ಷ. ಒಟ್ಟು 26.51 ಲಕ್ಷ.

ಬಾಡಿಗೆಯ ಕಡೆ: 10,000ದಿಂದ ಶುರುವಾಗಿ ವರ್ಷಕ್ಕೆ 5% ಏರಿದರೆ ಏಳು ವರ್ಷಕ್ಕೆ 9.77 ಲಕ್ಷ. ಅಡ್ವಾನ್ಸಿನ ಮೇಲಿನ ಬಡ್ಡಿ ಮತ್ತು ಎರಡು ಸಲ ಸಾಮಾನು ಸಾಗಿಸುವ ಖರ್ಚು ಸೇರಿ ಇನ್ನು 53 ಸಾವಿರ. ಒಟ್ಟು 10.30 ಲಕ್ಷ.

ಅಂತರ 16.21 ಲಕ್ಷ. ಕೊಂಡದ್ದು ಬಾಡಿಗೆಗೆ ಸಮವಾಗಬೇಕಾದರೆ ಏಳು ವರ್ಷದ ನಂತರ ಈ ಮನೆ 52.2 ಲಕ್ಷಕ್ಕೆ ಮಾರಾಟವಾಗಬೇಕು. ಲಾಭದ ಮೇಲಿನ ತೆರಿಗೆ, ದಲ್ಲಾಳಿಯ ಕಮಿಷನ್ ಇದರಲ್ಲಿ ಸೇರಿಲ್ಲ. ವರ್ಷಕ್ಕೆ 5.5% ಏರಿದರೆ ಸಾಕು, ಅದೇನು ದೊಡ್ಡದು ಎನಿಸುತ್ತದೆ. ಆದರೆ ಏರುವುದು ನೆಲದ ಬೆಲೆ. ಕಟ್ಟಡದ ಬೆಲೆ ಇಳಿಯುತ್ತದೆ. 36 ಲಕ್ಷದಲ್ಲಿ ಪ್ಲಾಟಿನ ಪಾಲು 18 ಲಕ್ಷ (1,200 ಚದರಡಿ, ಅಡಿಗೆ 1,500), ಕಟ್ಟಡದ ಪಾಲು 18 ಲಕ್ಷ. 12 ವರ್ಷದ ಕಟ್ಟಡ ವರ್ಷಕ್ಕೆ 2% ಸವೆದರೆ ಆಗ ಅದು 15.6 ಲಕ್ಷ. ಉಳಿದ 36.6 ಲಕ್ಷ ಪ್ಲಾಟಿನಿಂದಲೇ ಬರಬೇಕು. ಅಂದರೆ ಏಳು ವರ್ಷದಲ್ಲಿ ನೆಲದ ಬೆಲೆ ಎರಡು ಪಟ್ಟು ದಾಟಬೇಕು, ವರ್ಷಕ್ಕೆ ಸುಮಾರು 10.7%. ಆಗುವುದೇ ಇಲ್ಲ ಎನ್ನುವಂತಿಲ್ಲ. ಆದರೆ ಅದು ಪ್ಲಾಟಿನ ಮೇಲಿನ ಬಾಜಿ, ಮನೆಯ ಮೇಲಿನದಲ್ಲ. ಬಾಜಿ ಕಟ್ಟುವುದಾದರೆ ಖಾಲಿ ಪ್ಲಾಟು ಕೊಳ್ಳುವುದೇ ಮೇಲು. ಸವೆಯುವ ಕಟ್ಟಡಕ್ಕೆ 18 ಲಕ್ಷ ಏಕೆ ಹಾಕಬೇಕು?

ಕೊಳ್ಳುವವರ ಪರವಾದ ಮಾತನ್ನೂ ಅಷ್ಟೇ ನೇರವಾಗಿ ಹೇಳಬೇಕು. ಬಾಡಿಗೆ ಏರುತ್ತದೆ, ಬಡ್ಡಿ ದರ ಬದಲಾಗದಿದ್ದರೆ ಕಂತು ಏರುವುದಿಲ್ಲ. 5%ರಂತೆ ಏರಿದ ಬಾಡಿಗೆ 16ನೇ ವರ್ಷ 20,789 ಆಗುತ್ತದೆ, ಕಂತಿಗೆ ಸಮ. ಅಲ್ಲಿಂದ ಮುಂದೆ ಸ್ವಂತ ಮನೆಯವರದೇ ಮೇಲುಗೈ, 20 ವರ್ಷದ ನಂತರ ಕಂತೇ ಇಲ್ಲ. ಇದೇ ಊರಲ್ಲಿ 20 ವರ್ಷ ಇರುವುದು ಖಚಿತವಾಗಿರುವ, ಇಬ್ಬರದೂ ಗಟ್ಟಿ ನೌಕರಿ ಇರುವ ಕುಟುಂಬಕ್ಕೆ ಇದೇ ಅಂಕಿಗಳು ಬೇರೆ ಉತ್ತರ ಕೊಟ್ಟಾವು. ಈ ಕುಟುಂಬಕ್ಕೆ ಆ ಖಚಿತತೆ ಇಲ್ಲ.

ಮನೆಯ ಒಳಗೆ ಕಂಡದ್ದು

ಲೆಕ್ಕ ಒತ್ತಟ್ಟಿಗಿರಲಿ, ಮನೆಯೇ ಕೆಲವು ವಿಷಯ ಹೇಳಿತು. ಎಲ್ಲ ಕೋಣೆಗಳ ಬಣ್ಣ ಹಳೆಯದು, ಹಿಂದಿನ ಬೆಡ್‌ರೂಮಿನ ಒಂದು ಗೋಡೆ ಮಾತ್ರ ಹೊಸದು. ಹೊಸ ಬಣ್ಣದ ಮೇಲೆ ಅಂಗೈ ಸವರಿದರೆ ಕಿಟಕಿಯ ಮೂಲೆಯಿಂದ ಮೇಲಕ್ಕೆ ಓರೆಯಾಗಿ ಒಂದು ಏಣು ಸಿಗುತ್ತದೆ, ಪುಟ್ಟಿ ತುಂಬಿದ ಬಿರುಕು. ಹೊರಗೆ ಹೋಗಿ ಅದೇ ಗೋಡೆ ನೋಡಿದರೆ ಬಿರುಕು ಮೆಟ್ಟಿಲಿನ ಹಾಗೆ ಇಟ್ಟಿಗೆಯ ಸಂದಿ ಹಿಡಿದು ಇಳಿದಿತ್ತು. ಆ ಕೋಣೆಯ ಬಾಗಿಲಿನ ಮೇಲಂಚನ್ನು ರಂದ ಹೊಡೆದು ತೆಳುಮಾಡಿದ್ದರು, ಆದರೂ ಚೌಕಟ್ಟಿಗೆ ತಾಗುತ್ತಿತ್ತು.

ಗಿಲಾವಿನ ಮೇಲೆ ಜೇಡರ ಬಲೆಯಂತೆ ಕಾಣುವ ಕೂದಲೆಳೆ ಬಿರುಕುಗಳಿಗೆ ಹೆದರಬೇಕಿಲ್ಲ, ಅವು ಸಿಮೆಂಟು ಒಣಗುವಾಗ ಬಂದವು. ಕಿಟಕಿ ಬಾಗಿಲಿನ ಮೂಲೆಯಿಂದ ಓರೆಯಾಗಿ ಹೋಗುವ, ಗೋಡೆಯ ಎರಡೂ ಬದಿಗೆ ಕಾಣುವ ಬಿರುಕು ಸಾಮಾನ್ಯವಾಗಿ ಬುನಾದಿ ಅಲುಗಿದ್ದರ ಗುರುತು. ನಮ್ಮ ಭಾಗದಲ್ಲಿ ಅದಕ್ಕೆ ಹೆಚ್ಚಿನ ಸಲ ಕಾರಣ ಎರೆ, ಅಂದರೆ ಕಪ್ಪು ಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಮೇಲಿನ ಮಣ್ಣಿನಲ್ಲೇ ನಿಂತ ಬುನಾದಿ ಪ್ರತಿ ವರ್ಷ ಅದರ ಜೊತೆ ಏರಿಳಿಯುತ್ತದೆ. ಕೊಪ್ಪಳದ ಗುಡ್ಡದ ಸೆರಗಿನಲ್ಲಿ ಮಸಾರಿ (ಕೆಂಪು ಮಣ್ಣು), ಗರಸು (ಗಟ್ಟಿ ಹರಳು ಮಣ್ಣು), ಅದರ ಕೆಳಗೆ ಬಂಡೆ ಸಿಗುತ್ತದೆ. ತಗ್ಗಿನ ಕಡೆ, ಯಲಬುರ್ಗಾ ಸೀಮೆಯತ್ತ ಎರೆಯದೇ ರಾಜ್ಯ. ಒಂದೇ ಬಡಾವಣೆಯಲ್ಲಿ ಎರಡು ಬಗೆಯ ನೆಲವೂ ಇರಬಹುದು.

ಬಿರುಕು ನಿಂತಿದೆಯೋ ಇನ್ನೂ ನಡೆದಿದೆಯೋ ತಿಳಿಯಲು ಗೌಂಡಿಗಳು ಮಾಡುವ ಸುಲಭ ಪರೀಕ್ಷೆ ಒಂದಿದೆ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ತುದಿಯಲ್ಲಿ ಸಿಮೆಂಟಿನಿಂದ ಅಂಟಿಸಿ ದಿನಾಂಕ ಬರೆಯುವುದು. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದೂ ಗಾಜು ಒಡೆಯದಿದ್ದರೆ ಬಿರುಕು ನಿಂತಿದೆ. ಮಾರುವವರು ಅಷ್ಟು ದಿನ ಕಾಯುವುದಿಲ್ಲ, ಸರಿ. ಆದರೆ ಪುಟ್ಟಿ ತುಂಬಿದ ಗೋಡೆಯೇ ಮತ್ತೆ ಬಿರಿದಿದ್ದರೆ ಪರೀಕ್ಷೆ ಆಗಿಹೋಗಿದೆ ಅಂತಲೇ ಅರ್ಥ. ಅಂಥ ಬುನಾದಿಗೆ ಸುಣ್ಣಬಣ್ಣ ಮದ್ದಲ್ಲ. ನಾವು ರಿಪೇರಿಗೆ ಹಿಡಿದ 1,40,000 ಅದಕ್ಕೆ ಏನೇನೂ ಸಾಲದು.

ಇನ್ನೆರಡು ವಿಷಯ. ಮಾಳಿಗೆ ಮೇಲೆ ಹೋಗಿ ನೀರಿನ ಟ್ಯಾಂಕಿನ ಮುಚ್ಚಳ ಒರೆಸಿ ಬೆರಳು ನೋಡಿ. ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸುವ ಓಣಿಗಳಲ್ಲಿ ಕರಿ ಧೂಳು ಕೂರುತ್ತದೆ. ದಮ್ಮು ಇರುವ ಮುದುಕರು, ಮಕ್ಕಳು ಇರುವ ಮನೆಗೆ ಇದು ಬೆಲೆಯಷ್ಟೇ ದೊಡ್ಡ ಪ್ರಶ್ನೆ. ಬಾಡಿಗೆಯವರು ಧೂಳಿಗೆ ಮನೆ ಬದಲಿಸಬಹುದು, ಕೊಂಡವರಿಗೆ ಆಗುವುದಿಲ್ಲ. ಎರಡನೆಯದು ನೀರು. ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಮಾರುವವರನ್ನು ಕೇಳಬೇಡಿ, ಎದುರು ಮನೆಯವರನ್ನು ಕೇಳಿ. ಬೋರಿನ ನೀರು ಕುಡಿಯುವುದಾದರೆ ಫ್ಲೋರೈಡ್ ಪರೀಕ್ಷೆ ಮಾಡಿಸಲೇಬೇಕು, ಈ ಜಿಲ್ಲೆಯಲ್ಲಿ ಅದರ ತೊಂದರೆ ಹಳೆಯದು.

ಕಾಗದಪತ್ರ

ಖಾತಾ ಮಾರುವವರ ಹೆಸರಿನಲ್ಲಿತ್ತು, ಇ-ಖಾತಾವೂ ಆಗಿತ್ತು. ದಲ್ಲಾಳಿಯ ಪ್ರಕಾರ ಅಲ್ಲಿಗೆ ಎಲ್ಲ ಸರಿ. ಆದರೆ ಖಾತಾ ತೆರಿಗೆ ಕಟ್ಟುವವರ ಹೆಸರು ತೋರಿಸುತ್ತದೆ, ಮಾಲೀಕತ್ವ ಸಾಬೀತು ಮಾಡುವುದಿಲ್ಲ. ಹಿಂದಿನ ಪತ್ರಗಳನ್ನು ಬಿಚ್ಚಿದಾಗ ಪ್ಲಾಟು ಕೊಂಡದ್ದು ಮಾರುವವರ ತಂದೆ ಎಂದು ಗೊತ್ತಾಯಿತು. ತಂದೆ ಮರಣಪತ್ರ ಬರೆಯದೆ ತೀರಿಕೊಂಡಿದ್ದಾರೆ, ವಾರಸಾದ ಮೇಲೆ ಮಗನ ಹೆಸರಿಗೆ ಖಾತಾ ಆಗಿದೆ. ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಅವರ ಸಹಿ ಎಲ್ಲೂ ಇಲ್ಲ. "ತಂಗ್ಯಾರು ಏನೂ ಅನ್ನಂಗಿಲ್ರಿ, ಅರಿಶಿಣ ಕುಂಕುಮ ಕೊಟ್ಟು ಕಳಿಸೀವಿ" ಎಂಬ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. ತಂದೆಯ ಸ್ವಯಾರ್ಜಿತ ಆಸ್ತಿಯಾದರೂ ಹೆಣ್ಣುಮಕ್ಕಳು ಮೊದಲ ದರ್ಜೆಯ ವಾರಸುದಾರರು. ಪಿತ್ರಾರ್ಜಿತವಾದರೆ 2005ರ ತಿದ್ದುಪಡಿಯ ನಂತರ ಗಂಡುಮಕ್ಕಳಷ್ಟೇ ಪಾಲು. ಅವರು ಹಕ್ಕು ಬಿಡುಗಡೆ ಪತ್ರವನ್ನು ನೋಂದಣಿ ಮಾಡಿಸಿ ಕೊಡಬೇಕು, ಇಲ್ಲವೇ ಕ್ರಯಪತ್ರಕ್ಕೆ ತಾವೂ ಮಾರುವವರಾಗಿ ಸಹಿ ಹಾಕಬೇಕು. ತಾಯಿ ಬದುಕಿದ್ದರೆ ಅವರ ಸಹಿಯೂ ಬೇಕು.

ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಸಾಲ ತೋರಿಸುವ ಋಣಭಾರ ಪತ್ರವನ್ನು (ಎಲ್ಲರೂ ಇಸಿ ಅನ್ನುವುದು) ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ತೆಗೆಯಬಹುದು; ಅಲ್ಲಿ ಸಿಗದ ಹಳೆಯ ವರ್ಷಗಳಿಗೆ ಉಪನೋಂದಣಿ ಕಚೇರಿಗೆ ಹೋಗಬೇಕು. 30 ವರ್ಷದ್ದು ತೆಗೆಸಿ. ನೋಂದಣಿ ಆಗದ ಸಂಚಕಾರ (ಮುಂಗಡ ಕೊಟ್ಟು ಮಾಡಿದ ಕರಾರು), ಕೋರ್ಟಿನಲ್ಲಿರುವ ದಾವೆ, ಸಹಿ ಹಾಕದ ವಾರಸುದಾರರು ಯಾವುದೂ ಇಸಿಯಲ್ಲಿ ಕಾಣುವುದಿಲ್ಲ. ಪ್ಲಾಟು ಮೂಲತಃ ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನಿನಲ್ಲಿ ಬಂದದ್ದಾದರೆ ಅಂಥ ಜಮೀನಿನ ಮಾರಾಟಕ್ಕೆ ತಡೆ ಹಾಕುವ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ; 2023ರ ತಿದ್ದುಪಡಿಯ ನಂತರ ಎಷ್ಟು ವರ್ಷ ಕಳೆದರೂ ಮೂಲ ಮಂಜೂರುದಾರರ ಕಡೆಯವರು ಕೇಳಬಹುದು. ಹಾಗಾಗಿ ಪಹಣಿಯ ಮೂಲದವರೆಗೂ ಹೋಗಬೇಕು.

ಕೊನೆಗೆ ಬಂದದ್ದು ನಗದಿನ ಮಾತು. "ರಿಜಿಸ್ಟ್ರಿ 24ಕ್ಕ ಮಾಡೂಣು, 12 ಕ್ಯಾಶ್ ಕೊಡ್ರಿ. ನಿಮಗೂ ಉಳಿತೈತಿ." ಉಳಿಯುವುದು 12 ಲಕ್ಷದ 7.6%, ಅಂದರೆ 91,200. ಕಳೆದುಕೊಳ್ಳುವುದು ಏನೇನು ನೋಡಿ. ಬ್ಯಾಂಕು 24 ಲಕ್ಷದ 75% ಮಾತ್ರ ಕೊಡುತ್ತದೆ, 18 ಲಕ್ಷ. ಆರು ಲಕ್ಷ ಇನ್ನೆಲ್ಲಿಂದ ತರುವುದು? ನಾಳೆ ಮಾರುವಾಗ ಕೊಂಡ ಬೆಲೆ 24 ಲಕ್ಷ ಎಂದೇ ಲೆಕ್ಕ. ಹೆಚ್ಚುವರಿಯಾಗಿ ಕಾಣುವ 12 ಲಕ್ಷ ಲಾಭಕ್ಕೆ 12.5%ರಂತೆ 1.5 ಲಕ್ಷ ತೆರಿಗೆ, ಆ ಹಣ ಮತ್ತೆ ಮನೆಗೆ ಹಾಕದಿದ್ದರೆ. ವ್ಯವಹಾರ ಮುರಿದರೆ 12 ಲಕ್ಷ ಕೊಟ್ಟದ್ದಕ್ಕೆ ಒಂದು ಚೀಟಿಯೂ ಇರುವುದಿಲ್ಲ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ಮತ್ತು ಮೇಲ್ಪಟ್ಟು ನಗದು ಪಡೆಯುವುದು 2015ರಿಂದ ನಿಷಿದ್ಧ, ಪಡೆದವರಿಗೆ ಅಷ್ಟೇ ಮೊತ್ತದ ದಂಡ. ಸಂಚಕಾರದ ಹಣವೂ ಚೆಕ್ಕು ಅಥವಾ ಆರ್‌ಟಿಜಿಎಸ್ ಮೂಲಕವೇ ಹೋಗಬೇಕು.

ಲೀಸಿನ ಆಸೆ

ನಡುವೆ ಇನ್ನೊಬ್ಬ ಮಾಲೀಕರು ಬಂದರು: ಐದು ಲಕ್ಷ ಲೀಸು, ಎರಡು ವರ್ಷ, ಬಾಡಿಗೆ ಇಲ್ಲ, ಬಿಡುವಾಗ ಐದು ಲಕ್ಷ ವಾಪಸು. ಐದು ಲಕ್ಷದ ಠೇವಣಿ ಬಡ್ಡಿ ವರ್ಷಕ್ಕೆ 32,500, ತಿಂಗಳಿಗೆ 2,708. ಹತ್ತು ಸಾವಿರದ ಮನೆ 2,708ಕ್ಕೆ ಸಿಕ್ಕಂತೆ. ಇಷ್ಟು ಸೋವಿಯಾದಾಗ ಮಾಲೀಕರ ಕಡೆಯಿಂದ ಒಮ್ಮೆ ಲೆಕ್ಕ ಹಾಕಬೇಕು. ವರ್ಷಕ್ಕೆ 1,20,000 ಬಾಡಿಗೆ ಬಿಟ್ಟುಕೊಟ್ಟು ಐದು ಲಕ್ಷ ಪಡೆಯುವುದೆಂದರೆ 24% ಬಡ್ಡಿಗೆ ಸಾಲ ತಂದಂತೆ. ಬ್ಯಾಂಕಿನಲ್ಲಿ ಕಡಿಮೆ ಬಡ್ಡಿಗೆ ಸಾಲ ಸಿಗುವವರು ಹೀಗೆ ಮಾಡುವುದಿಲ್ಲ. ಇಸಿ ತೆಗೆದಾಗ ಆ ಮನೆ ಆಗಲೇ ಬ್ಯಾಂಕಿಗೆ ಅಡಮಾನವಾಗಿತ್ತು. ಕಂತು ನಿಂತು ಬ್ಯಾಂಕು ಮನೆ ವಶಪಡಿಸಿಕೊಂಡರೆ, ಸ್ಟಾಂಪು ಪೇಪರಿನ ಮೇಲಿನ ನೋಂದಣಿಯಾಗದ ಲೀಸಿನವರ ಐದು ಲಕ್ಷವನ್ನು ಕೇಳುವವರೇ ಇರುವುದಿಲ್ಲ. ಬಿಟ್ಟರು. ಅಡಮಾನ ಇಲ್ಲದ ಮನೆ, ನೋಂದಣಿ ಮಾಡಿಸಿದ ಕರಾರು ಇದ್ದರೆ ಲೀಸು ಕೆಟ್ಟದ್ದೇನಲ್ಲ.

ತೆಗೆದುಕೊಂಡ ತೀರ್ಮಾನ

ಭಾಗ್ಯನಗರದ ಮನೆ ಕೊಳ್ಳಲಿಲ್ಲ. ಬಿರುಕು ಮತ್ತು ತಂಗಿಯರ ಸಹಿಯ ಕೊರತೆ, ಎರಡರಲ್ಲಿ ಒಂದೇ ಇದ್ದಿದ್ದರೂ ಉತ್ತರ ಇದೇ ಆಗುತ್ತಿತ್ತು. ಅದೇ ಓಣಿಯಲ್ಲಿ ನೆಲಮಹಡಿಯ ಮನೆಯನ್ನು 10,000ಕ್ಕೆ ಹಿಡಿದರು, ಮೂರು ವರ್ಷದ ಕರಾರಿನ ಮೇಲೆ.

ಕರಾರಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಕರ್ನಾಟಕ ಬಾಡಿಗೆ ಕಾಯ್ದೆ 1999 ತಿಂಗಳಿಗೆ 3,500 ದಾಟಿದ ಬಾಡಿಗೆಯ ಮನೆಗೆ ಎಲ್ಲಿಯೂ ಅನ್ವಯಿಸುವುದಿಲ್ಲ. ಲಿಖಿತ ಕರಾರು ಇಲ್ಲದಿದ್ದರೆ ತಿಂಗಳ ಬಾಡಿಗೆದಾರರ ಬಾಡಿಗೆಯನ್ನು ಆಸ್ತಿ ವರ್ಗಾವಣೆ ಕಾಯ್ದೆಯಂತೆ 15 ದಿನದ ನೋಟಿಸು ಕೊಟ್ಟು ಮುಗಿಸಬಹುದು. ಎಲ್ಲರೂ 11 ತಿಂಗಳ ಕರಾರು ಮಾಡುವುದು ನೋಂದಣಿ ತಪ್ಪಿಸಲು. ಅದರಿಂದ ಸಿಗುವ ನೆಮ್ಮದಿಯೂ 11 ತಿಂಗಳದ್ದೇ. ಒಂದು ವರ್ಷಕ್ಕೂ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ. ಇವರು ಆ ಖರ್ಚನ್ನು ಮಾಲೀಕರೊಂದಿಗೆ ಅರ್ಧರ್ಧ ಹಂಚಿಕೊಂಡರು. ವರ್ಷಕ್ಕೆ 5% ಏರಿಕೆ, ಬಿಡಿಸುವುದಾದರೆ ಮೂರು ತಿಂಗಳ ಮುಂಚೆ ಲಿಖಿತ ನೋಟಿಸು, ಅಡ್ವಾನ್ಸ್ 50,000 ಬೀಗ ಕೊಟ್ಟ ದಿನವೇ ವಾಪಸು, ಬೋರು ಕೆಟ್ಟರೆ ಮಾಲೀಕರ ಖರ್ಚು, ಬಣ್ಣಕ್ಕೆ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಮುರಿಯುವಂತಿಲ್ಲ. ಒಳ ಹೋಗುವ ದಿನ ಪ್ರತಿ ಕೋಣೆಯ, ನಳದ, ಮೀಟರಿನ ಫೋಟೊ ತೆಗೆದು ಮಾಲೀಕರಿಗೆ ವಾಟ್ಸಾಪಿನಲ್ಲಿ ಕಳಿಸಿದರು. ಅಡ್ವಾನ್ಸಿನ ಜಗಳ ಹುಟ್ಟುವುದು ಹೆಚ್ಚಾಗಿ ಬಣ್ಣ ಮತ್ತು ನಳಕ್ಕೆ.

ಇನ್ನು ಉಳಿಕೆಯ ಶಿಸ್ತು. ಕಂತು ಮತ್ತು ಬಾಡಿಗೆಯ ಅಂತರ 10,828. ಅದನ್ನು ಉಳಿಸದೆ ಖರ್ಚು ಮಾಡಿದರೆ ಮೇಲಿನ ಲೆಕ್ಕವೆಲ್ಲ ಸುಳ್ಳಾಗುತ್ತದೆ, ಬೀಗರು ಹೇಳಿದ್ದೇ ನಿಜವಾಗುತ್ತದೆ. ಹಾಗಾಗಿ ಸಂಬಳ ಬಿದ್ದ ಮರುದಿನವೇ 11,000 ಆವರ್ತ ಠೇವಣಿಗೆ (ಆರ್‌ಡಿ) ತಾನಾಗಿ ಹೋಗುವಂತೆ ಬ್ಯಾಂಕಿಗೆ ಬರೆದುಕೊಟ್ಟರು. ಮೂರು ವರ್ಷಕ್ಕೆ ಅದು 4.35 ಲಕ್ಷದ ಹತ್ತಿರ ಆಗುತ್ತದೆ. 13 ಲಕ್ಷದ ಠೇವಣಿ 6.5%ರಂತೆ 15.7 ಲಕ್ಷ. ಕೂಡಿದರೆ 20 ಲಕ್ಷ.

ಆ 20 ಲಕ್ಷದಿಂದ ನೋಡುವುದು ಮನೆಯನ್ನಲ್ಲ, ಪ್ಲಾಟನ್ನು. ಎನ್‌ಎ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆದ, ಯೋಜನಾ ಪ್ರಾಧಿಕಾರದ ಮಂಜೂರಾತಿ ಇರುವ ಬಡಾವಣೆಯಲ್ಲಿ, ಎ ಖಾತಾದ 30×40. ಸರಿಯಾದ ಮಂಜೂರಾತಿ ಇಲ್ಲದ ಆಸ್ತಿಗೆ ಕೊಡುವ ಬಿ ಖಾತಾ, ಅಥವಾ ಪಂಚಾಯಿತಿ ಕಡೆಯಾದರೆ 11ಬಿ, ಎಷ್ಟೇ ಸೋವಿ ಇದ್ದರೂ ಬೇಡ. ಸಾಲಕ್ಕೆ ಬ್ಯಾಂಕುಗಳು ಹಿಂಜರಿಯುತ್ತವೆ. ಪ್ಲಾಟು 15 ಲಕ್ಷ ಎಂದು ಹಿಡಿದರೆ ನೋಂದಣಿ 7.6%ರಂತೆ 1.14 ಲಕ್ಷ. ಕಟ್ಟಿದ ಮನೆ ಕೊಂಡರೆ ಕಟ್ಟಡದ ಬೆಲೆಗೂ ಶುಲ್ಕ ಬೀಳುತ್ತದೆ, ಪ್ಲಾಟು ಕೊಂಡು ಕಟ್ಟಿದರೆ ನೆಲಕ್ಕೆ ಮಾತ್ರ. ಉಳಿತಾಯ ಒಂದೂವರೆ ಲಕ್ಷದ ಮೇಲೆ. 1,000 ಚದರಡಿಗೆ ಗುತ್ತಿಗೆದಾರರ ದರ 1,950 ಹಿಡಿದರೆ 19.5 ಲಕ್ಷ. ಬೋರು, ಸಂಪು, ಕಾಂಪೌಂಡು, ನಕ್ಷೆ ಮಂಜೂರಾತಿ, ಕರೆಂಟಿಗೆ 2.5 ಲಕ್ಷ. ಒಟ್ಟು 38.14 ಲಕ್ಷ, ಸಾಲ 18 ಲಕ್ಷ, ಕಂತು 15,621. ಬಂಗಾರ ಅಡ ಇಡದೆ, ಒಬ್ಬರ ಸಂಬಳದ ಮೂರರಲ್ಲಿ ಒಂದು ಪಾಲಿಗೆ ಮುಗಿಯುತ್ತದೆ. ಕಟ್ಟುವ ಎಂಟು ಹತ್ತು ತಿಂಗಳು ಬಾಡಿಗೆಯೂ ಕಂತೂ ಜೊತೆಗೇ ಬರುತ್ತವೆ. ಅದಕ್ಕೆ ಒಂದು ಲಕ್ಷ ಬೇರೆ ಎತ್ತಿಡಬೇಕು. ಮೂರು ವರ್ಷದಲ್ಲಿ ಪ್ಲಾಟಿನ ಬೆಲೆ ಏರಬಹುದು, ಒಂದೆರಡು ಲಕ್ಷ ಏರಿದರೂ ಕಂತು 17,500 ದಾಟುವುದಿಲ್ಲ.

ಈ ನಡುವೆ ಶಿಕ್ಷಕಿಯ ವರ್ಗಾವಣೆ ಜಿಲ್ಲೆಯ ಇನ್ನೊಂದು ತುದಿಗೆ ಆದರೆ ಬಾಡಿಗೆ ಮನೆ ಬಿಟ್ಟು ಹೋದರಾಯಿತು, ನಷ್ಟ ಸಾಮಾನು ಸಾಗಿಸುವ 15,000.

ಪ್ಲಾಟಿಗೆ ಸಂಚಕಾರ ಕೊಡುವ ಮುಂಚೆ ಮಾಡಲೇಬೇಕಾದ ಒಂದು ಕೆಲಸವನ್ನು ಗಂಡ ಈಗಲೇ ಡೈರಿಯಲ್ಲಿ ಬರೆದಿಟ್ಟಿದ್ದಾರೆ: ಮಾಲೀಕರ ಒಪ್ಪಿಗೆ ಪಡೆದು, ಇಬ್ಬರು ಆಳು ಹಚ್ಚಿ, ಪ್ಲಾಟಿನ ಎರಡು ಮೂಲೆಯಲ್ಲಿ ಐದು ಅಡಿ ಗುಂಡಿ ತೋಡಿಸಿ ನೋಡುವುದು. ಎರಡೂ ಗುಂಡಿಯಲ್ಲಿ ಮೂರು ಅಡಿಯೊಳಗೆ ಗಟ್ಟಿ ಗರಸು ಸಿಕ್ಕರೆ ಮುಂದಿನ ಮಾತು. ಐದು ಅಡಿಗೂ ಎರೆಯೇ ಇದ್ದರೆ ಬುನಾದಿಗೆ ಎಷ್ಟು ಹೆಚ್ಚು ಬೀಳುತ್ತದೆ ಎಂದು ಎಂಜಿನಿಯರಿಂದ ಬರೆಸಿಕೊಂಡು, ಅಷ್ಟನ್ನು ಪ್ಲಾಟಿನ ಬೆಲೆಯಲ್ಲಿ ಮುರಿಯಲು ಕೇಳುವುದು. ಒಪ್ಪದಿದ್ದರೆ ಗುಂಡಿ ಮುಚ್ಚಿಸಿ ಬೇರೆ ಪ್ಲಾಟು ನೋಡುವುದು.